ಒಂದನೇ ಅರ್ಜಿದಾರಳು

ಎಡಗೈ ಸಲೀಸಾಗಿ ಕೋಟಿನ ತೋಳಿನೊಳಗೆ ಹೋಯಿತು. ಬಲಗೈ ಮಾತ್ರ ಹಟ ಹಿಡಿಯಿತು. ಮಗಳು ಅಮ್ಮನ ಮೊಣಕೈಯನ್ನು ಮೆಲ್ಲಗೆ ಮಡಚಲು ನೋಡಿದಳು, ಆಗಲಿಲ್ಲ. ಕೋಟಿನ ತೋಳನ್ನೇ ಹಿಂದುಮುಂದು ತಿರುಗಿಸಿ ಎಳೆದಳು, ಅದೂ ಆಗಲಿಲ್ಲ.

"ಬದುಕಿದ್ದಾಗಲೂ ಹೀಗೇ. ಯಾರು ಹೇಳಿದ್ದು ಕೇಳಿದಾಳೆ ಇವಳು?" ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ ಟೈಪಿಸ್ಟ್ ಮಾಮ ಅಂದರು.

"ಮಾಮ, ಸ್ವಲ್ಪ ಬನ್ನಿ. ಭುಜ ಎತ್ತಿ ಹಿಡ್ಕೊಂಡ್ರೆ ಸಾಕು."

ಅವರು ಬಂದು ಹಿಡಿದುಕೊಂಡರು. "ಈ ಕೋಟು ಬೇಕೇ ಬೇಕೇನಮ್ಮ? ಒಳ್ಳೇ ಬಟ್ಟೆ ಒಂದೂ ಇರಲಿಲ್ವಾ?"

"ಇದ್ವು. ಹಾಕಿ ನೋಡಿದೆ. ಯಾರೋ ಬೇರೆಯವರ ಥರ ಕಾಣಿಸಿದಳು."

ಮಾಮ ಭುಜವನ್ನು ಇನ್ನಷ್ಟು ಎತ್ತಿ ಹಿಡಿದರು. ನೀಲಿ ಬಣ್ಣದ, ಮೊಣಕಾಲುವರೆಗಿನ, ದೊಡ್ಡ ದೊಡ್ಡ ಜೇಬುಗಳ ಅಂಥ ಕೋಟಿಲ್ಲದೆ ಅಂಗಡಿಯಲ್ಲಿ ಆಕೆಯನ್ನು ಅವರೂ ಕಂಡವರಲ್ಲ. ಕೋರ್ಟಿನ ಎದುರು ಸಾಲಿನ ಕಡೆಯ ಅಂಗಡಿ ಅವಳದು. ಅದರ ಒಂದು ಮೂಲೆಯಲ್ಲಿ ಇವರ ಟೈಪ್‌ರೈಟರ್ ಮೇಜು. ಮೇಲೆ ಅವಳ ಮನೆ. ಊರಿಗೆಲ್ಲ ಅವಳು ಜೆರಾಕ್ಸಕ್ಕ. ಡೈವೋರ್ಸಿಗೆ ಬಂದವರು ಮೊದಲು ವಕೀಲರ ಹತ್ತಿರ ಹೋಗುತ್ತಿದ್ದರು, ಅಲ್ಲಿ ಅರ್ಥವಾಗದ್ದನ್ನು ಹೊತ್ತುಕೊಂಡು ಇವಳ ಹತ್ತಿರ ಬರುತ್ತಿದ್ದರು. ಯಾವ ಕಿಟಕಿಗೆ ಹೋಗಬೇಕು, ಯಾವ ಕಾಗದ ಮೊದಲು, ಯಾವ ಗುಮಾಸ್ತನ ಬೈಗುಳಕ್ಕೆ ತಲೆ ಕೆಡಿಸಿಕೊಳ್ಳಬಾರದು, ಎಲ್ಲ ಹೇಳುತ್ತಿದ್ದಳು. ತಪ್ಪೂ ಹೇಳುತ್ತಿದ್ದಳು. ಒಮ್ಮೆ ಒಬ್ಬ ಬಸುರಿಯನ್ನು ಬೇರೆ ಊರಿನ ಕೋರ್ಟಿಗೆ ಸುಮ್ಮನೆ ಅಲೆಸಿ, ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ತಾನೇ ಅವಳ ಜೊತೆ ಸರಿಯಾದ ಕೋರ್ಟಿಗೆ ಹೋಗಿ ಬಂದಿದ್ದಳು. ನಿನ್ನೆ ಸಂಜೆ ಶಟರ್ ಎಳೆಯಲು ಕೈ ಎತ್ತಿದವಳು ಹಾಗೇ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಲಗೈ ಕೊನೆಗೂ ಒಳಗೆ ಹೋಯಿತು. ಮಗಳು ಗುಂಡಿ ಹಾಕುತ್ತಿದ್ದಾಗ ಟೈಪಿಸ್ಟ್ ಮಾಮ ಗಂಟಲು ಸರಿಮಾಡಿಕೊಂಡರು. "ನಿಮ್ಮಪ್ಪನಿಗೆ ಹೇಳಿ ಕಳಿಸಿದೀನಿ."

ಗುಂಡಿಯ ಮೇಲೆ ಅವಳ ಬೆರಳು ನಿಂತಿತು. "ಯಾಕೆ ಹೇಳಿದ್ರಿ?"

"ಹೇಳಬೇಕು ಅನ್ನಿಸ್ತು."

"ಅವರು ಬಂದರೆ ಬರಲಿ, ದೂರದಿಂದ ನೋಡ್ಕೊಂಡು ಹೋಗಲಿ. ಆ ಹೆಂಗಸನ್ನ ಮಾತ್ರ ಒಳಗೆ ಬಿಡಬೇಡಿ. ಅಮ್ಮನ ಮುಂದೆ ಅವಳು ನಿಂತ್ಕೊಳ್ಳೋದು ಬೇಡ."

ಮಾಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಳಗಿನಿಂದ ಯಾರೋ ವ್ಯಾನು ತಡವಾಗುತ್ತದೆಂದು ಕೂಗಿ ಹೇಳಿದರು.

•

ಮೆಟ್ಟಿಲು ಕಡಿದಾಗಿದ್ದುದರಿಂದ, ವ್ಯಾನು ಬರುವ ಮೊದಲೇ ಅವಳನ್ನು ಕೆಳಗಿಳಿಸಿ ಅಂಗಡಿಯೊಳಗೆ ಮಲಗಿಸಿದರು. ಒಂದು ಕಡೆ ಕೌಂಟರು, ಇನ್ನೊಂದು ಕಡೆ ಮುಸುಕು ಹಾಕಿದ ಯಂತ್ರ, ನಡುವೆ ಅವಳು. ಶಟರನ್ನು ಅರ್ಧ ಇಳಿಸಿದ್ದರಿಂದ ಬಂದವರೆಲ್ಲ ತಲೆ ತಗ್ಗಿಸಿಯೇ ಒಳಗೆ ಬರಬೇಕಾಯಿತು. ವಕೀಲರು ಬಂದರು, ಪಕ್ಕದ ಹಣ್ಣಿನಂಗಡಿಯವನು ಬಂದ, ಕೋರ್ಟಿನ ನಕಲು ವಿಭಾಗದ ಗುಮಾಸ್ತ ಬಂದು ಗೋಡೆಗೊರಗಿ ನಿಂತ.

ಹೆಲ್ಮೆಟ್ ಹಿಡಿದ ಒಬ್ಬ ಹೆಂಗಸು ಶಟರಿನಡಿ ಅರ್ಧ ಬಾಗಿ, "ಅಕ್ಕಾ, ನನ್ನ ಡೈವೋರ್ಸ್ ಕಾಪಿ ಕಳೆದುಹೋಗಿದೆ, ಎಲ್ಲಿ..." ಅನ್ನುತ್ತಲೇ ಒಳಗೆ ಬಂದು, ಕಂಡದ್ದನ್ನು ಕಂಡು, ಬಾಯಿ ಮುಚ್ಚಿಕೊಂಡಳು. "ಅಯ್ಯೋ. ನನಗೆ ಗೊತ್ತಿರಲಿಲ್ಲ. ಕ್ಷಮಿಸಿ, ಇನ್ನೊಂದಿನ ಬರ್ತೀನಿ."

"ಇನ್ನೊಂದಿನ ಬಂದ್ರೆ ಇವಳು ಸಿಗ್ತಾಳೇನಮ್ಮ?" ಅಂದರು ಟೈಪಿಸ್ಟ್ ಮಾಮ. "ಬಂದ ಕೆಲಸ ಹೇಳು."

ಅವಳು ಮುಜುಗರದಿಂದಲೇ ಹೇಳಿದಳು. ಡೈವೋರ್ಸ್ ಆಗಿ ಬಹಳ ವರ್ಷವಾಗಿದೆ. ಪಾಸ್‌ಪೋರ್ಟಿನವರು ಈಗ ತೀರ್ಪಿನ ನಕಲು ಕೇಳುತ್ತಿದ್ದಾರೆ. ಕೇಸಿನ ನಂಬರು ನೆನಪಿಲ್ಲ.

"ಯಾವ ಕೋರ್ಟಲ್ಲಿ ಆಗಿದ್ದು? ಈಗ ನೀವಿರೋ ಊರಲ್ಲಿ ಕೇಳಿದ್ರೆ ಸಿಗಲ್ಲ, ಆಗಿದ್ದ ಕೋರ್ಟಿಗೇ ಹೋಗ್ಬೇಕು," ಅಂದ ಹಣ್ಣಿನಂಗಡಿಯವನು.

"ನಂಬರ್ ಇಲ್ಲದಿದ್ರೂ ನಡೆಯತ್ತೆ," ವಕೀಲರು ದನಿ ತಗ್ಗಿಸಿ ಅಂದರು. "ವರ್ಷ, ಇಬ್ಬರ ಹೆಸರು ಹೇಳಿದ್ರೆ ರಿಜಿಸ್ಟರಲ್ಲಿ ಹುಡುಕ್ತಾರೆ."

"ಮೊದಲು ನಕಲು ಅರ್ಜಿ ಹಾಕ್ಬೇಕು."

"ಹುಡುಕದೆ ಅರ್ಜಿಯಲ್ಲಿ ಏನು ಬರೀತಾರೆ, ನಿನ್ನ ತಲೆ?"

"ಹಳೇ ಫೈಲೆಲ್ಲ ರೆಕಾರ್ಡ್ ರೂಮಲ್ಲಿರತ್ತೆ ಕಣಯ್ಯ. ಮೊದಲು ಅಲ್ಲಿ ಕೇಳ್ಬೇಕು."

ಗೋಡೆಗೊರಗಿದ್ದ ಗುಮಾಸ್ತ ಏನೋ ತಿದ್ದಲು ಹೋದ. ನಾಲ್ಕು ಜನ ಒಟ್ಟಿಗೆ ಅವನ ಮೇಲೆ ಬಿದ್ದರು. ಹೆಲ್ಮೆಟ್ಟಿನವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತಳು. ದನಿಗಳು ಏರುತ್ತ ಏರುತ್ತ, ತಾವು ಎಲ್ಲಿ ನಿಂತಿದ್ದೇವೆಂಬುದು ಎಲ್ಲರಿಗೂ ಏಕಕಾಲಕ್ಕೆ ನೆನಪಾಗಿ, ಅಂಗಡಿ ಗಪ್‌ಚಿಪ್ಪಾಯಿತು.

"ಇವಳಿಗೆ ಎಚ್ಚರ ಆಗಿದ್ರೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಿರೋಳು," ಅಂದರು ಟೈಪಿಸ್ಟ್ ಮಾಮ.

ಯಾರೋ ನಕ್ಕರು. ಮಗಳಿಗೂ ನಗು ಬಂತು. ಬಂದ ನಗು ಅರ್ಧದಲ್ಲಿ ಅಳುವಾಯಿತು. ಹೆಲ್ಮೆಟ್ಟಿನವಳು ಹೆಲ್ಮೆಟನ್ನು ಕೆಳಗಿಟ್ಟು ಅವಳ ಪಕ್ಕ ಬಂದು ಕೂತಳು. ಯಾರು ಯಾರಿಗೆ ಏನಾಗಬೇಕು ಎಂದು ಅಲ್ಲಿ ಯಾರೂ ಕೇಳಲಿಲ್ಲ.

•

ಜೆರಾಕ್ಸಕ್ಕನ ಸ್ವಂತ ಕೇಸು ನಡೆದಾಗ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕಣ್ಣೆದುರೇ ಅವನ ತಮ್ಮ ಬಸ್ಸಿನಡಿ ಸಿಕ್ಕು ಸತ್ತಂದಿನಿಂದ ಮಾತು ನಿಲ್ಲಿಸಿದ್ದ. ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಮಗಳ ತಲೆ ಸವರಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮೂಗನನ್ನಾದರೂ ಮಾತಾಡಿಸುವಷ್ಟು ಮಾತಿನ ಮಲ್ಲಿ ಅವಳು. ಬೇಡಿದಳು, ಬೈದಳು, ತವರಿಗೆ ಹೋಗಿ ಕೂತಳು, ತಿರುಗಿ ಬಂದಳು. ಒಂದು ದಿನ ಪಾತ್ರೆಗಳ ಜೊತೆ ತಾನು ಮಾತಾಡುತ್ತಿರುವುದು ಅವಳ ಕಿವಿಗೇ ಬಿತ್ತು. ಆವತ್ತು ಹೆದರಿದಳು. ಬೇರೆಯಾಗೋಣವೇ ಎಂದು ಕೇಳಿದಾಗ ಅವನು ಹೂಂ ಎಂದು ತಲೆಯಾಡಿಸಿದ.

ಇಬ್ಬರೂ ಸೇರಿ ಅರ್ಜಿ ಹಾಕಿದರು. ಕೆಲವು ತಿಂಗಳು ಕಾಯಿರಿ, ಮನಸ್ಸು ಬದಲಾಗಬಹುದು ಎಂದಿತು ಕೋರ್ಟು. ಕಾದು ಮತ್ತೆ ಬಂದರು.

"ನಿಮ್ಮ ಗಂಡ ಹಿಂಸೆ ಕೊಡ್ತಾರೇನಮ್ಮ?" ಎಂದು ನ್ಯಾಯಾಧೀಶೆ ಕೇಳಿದರು.

"ಇಲ್ಲ. ಅವರು ಕೆಟ್ಟವರಲ್ಲ."

"ಮತ್ತೆ?"

"ಮನೇಲಿ ಗಡಿಯಾರ ಬಿಟ್ರೆ ಯಾರೂ ಮಾತಾಡಲ್ಲ."

ಯಾರ ಒತ್ತಾಯವೂ ಇಲ್ಲವಷ್ಟೆ ಎಂದು ನ್ಯಾಯಾಧೀಶೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು. ಏನೋ ಹೇಳಿ ಬರೆಸಿದರು. ಮುಂದಿನ ಕೇಸು ಕೂಗಿದರು.

ಅವಳು ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಕೂತಳು, ಅವನು ಇನ್ನೊಂದು ತುದಿಯಲ್ಲಿ. ಒಳಗಿನಿಂದ ಏನನ್ನೋ ತಂದುಕೊಡುತ್ತಾರೆಂದು ಇಬ್ಬರೂ ಕಾದರು. ಮಧ್ಯಾಹ್ನ ಕಳೆದ ಮೇಲೆ ಜವಾನ ಬಂದು, "ಇನ್ನೂ ಯಾಕೆ ಕೂತಿದೀರಿ?" ಎಂದ.

"ಮುಗೀತಾ?"

"ಆಗಲೇ ಮುಗೀತಲ್ಲ."

"ಏನಾದ್ರೂ ಕೊಡ್ತಾರಾ?"

"ಏನು ಕೊಡ್ತಾರೆ? ಮನೆಗೆ ಹೋಗಿ."

ನಕಲಿಗೆ ಬೇರೆ ಅರ್ಜಿ ಹಾಕಬೇಕೆಂದು ಜವಾನ ಹೇಳಲಿಲ್ಲ. ಕೇಳಬೇಕೆಂದು ಇವರಿಗೆ ತಿಳಿದಿರಲಿಲ್ಲ. ಗೇಟಿನ ಹತ್ತಿರ ಗಂಡ ನಿಂತ. ಬಹಳ ದಿನಗಳ ನಂತರ ಅವನ ಬಾಯಿಂದ ಒಂದು ಪೂರ್ತಿ ಮಾತು ಬಂತು.

"ಪಾಪುವಿನ ಮುಂದಿನ ಹಲ್ಲು ಅಲ್ಲಾಡ್ತಾ ಇದೆ. ನೋಡ್ಕೋ."

ಮುಂದಿನ ವರ್ಷ ಅವಳು ಅದೇ ಕೋರ್ಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಕೆಲವು ವರ್ಷಗಳಲ್ಲಿ ಅಂಗಡಿಯೇ ಅವಳದಾಯಿತು. ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುವ ಬೇರೆಯವರ ತೀರ್ಪುಗಳನ್ನು ಓದಿ ಓದಿ, ಆವತ್ತು ಆ ಕೋಣೆಯಲ್ಲಿ ತನಗೆ ಆದದ್ದೇನೆಂದು ಅವಳು ತಿಳಿದುಕೊಂಡಳು. ಬೆಂಚಿನ ಮೇಲೆ ಸುಮ್ಮನೆ ಕೂತವರು ಕಂಡರೆ ಅಂಗಡಿಯಿಂದಲೇ ಕೂಗುತ್ತಿದ್ದಳು: "ಮುಗೀತಾ? ಕಾಪಿಗೆ ಅರ್ಜಿ ಹಾಕಿದ್ರಾ?"

•

ಮಧ್ಯಾಹ್ನದ ಹೊತ್ತಿಗೆ ಅಪ್ಪ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಉಗುರಿನ ಸಂದಿಯ ಗ್ರೀಸು ಮಾತ್ರ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಅವನು ಬೀದಿಯಲ್ಲೇ, ಶಟರಿನಾಚೆ ನಿಂತ. ಅವನ ಹಿಂದಿದ್ದ ಗಿಡ್ಡ ಹೆಂಗಸು ನಿಲ್ಲಲಿಲ್ಲ. ದೊಡ್ಡ ಚೀಲವೊಂದನ್ನು ಎದೆಗವಚಿಕೊಂಡು ನೇರ ಒಳಗೆ ನುಗ್ಗಿದಳು.

"ಅಕ್ಕಾ! ಮುಂದಿನ ತಿಂಗಳು ಬರ್ತೀನಿ ಅಂದಿದ್ನಲ್ಲೇ ಅಕ್ಕಾ!"

ಆ ದನಿಗೆ ಬೀದಿಯಾಚೆಯ ಪೊಲೀಸಿನವರೂ ತಿರುಗಿದರು. ಮಗಳು ಎದ್ದು ನಿಂತಳು. ಟೈಪಿಸ್ಟ್ ಮಾಮನನ್ನು ನೋಡಿದಳು. ಅವರು ತಮ್ಮ ಟೈಪ್‌ರೈಟರಿನ ಕೀಲಿಗಳನ್ನು ನೋಡುತ್ತಿದ್ದರು.

"ನೀವು ಹೊರಗಿರಿ," ಅಂದಳು ಮಗಳು. ಮೆಲ್ಲಗೆ, ಹಲ್ಲು ಕಚ್ಚಿ.

ಹೆಂಗಸು ಕಣ್ಣೊರೆಸಿಕೊಂಡು ತಲೆಯನ್ನು ಓರೆ ಮಾಡಿದಳು. "ಏನಂದೆ ಮಗಳೇ? ಈ ಕಡೆ ಬಂದು ಹೇಳು. ಆ ಕಿವಿ ಕೆಲಸಕ್ಕೆ ಬರಲ್ಲ. ಈ ಕಿವೀಲಿ ಜೋರಾಗಿ ಹೇಳಿದ್ರೆ ಕೇಳತ್ತೆ."

ಅವಳು ಕಿವಿಯನ್ನು ಹತ್ತಿರ ತಂದಳು. ಅಂಗಡಿಯಲ್ಲಿದ್ದವರೆಲ್ಲ ಕಾಯುತ್ತಿದ್ದರು. ಹಲ್ಲು ಕಚ್ಚಿ ಆಡಿದ ಮಾತನ್ನು ಜೋರಾಗಿ ಮತ್ತೊಮ್ಮೆ ಆಡಬೇಕಿತ್ತು. ಮಗಳು ಬಾಯಿ ತೆರೆದಳು.

"ಕೂತ್ಕೊಳ್ಳಿ ಅಂದೆ," ಎಂದಳು.

"ಕೂತ್ಕೋತೀನಮ್ಮ." ಹೆಂಗಸು ಶವದ ಪಕ್ಕ ನೆಲಕ್ಕೇ ಕೂತಳು. ಕೋಟಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಇದನ್ನೇ ಹಾಕಿದೀಯಲ್ಲ, ಒಳ್ಳೇದು ಮಾಡ್ದೆ. ಹಳೇ ಕೋಟು ಹರಿದ ಮೇಲೆ ನಾನು ಹೊಲಿದದ್ದು. ನಾಲ್ಕು ಜೇಬು ಬೇಕು ಅಂತ ಹಟ. ಯಾಕಕ್ಕಾ ನಾಲ್ಕು ಅಂದ್ರೆ, ಒಂದು ಪಿನ್ನಿಗೆ, ಒಂದು ಚಿಲ್ಲರೆಗೆ, ಒಂದು ಕನ್ನಡಕಕ್ಕೆ, ಇನ್ನೊಂದು ಯಾರಾದ್ರೂ ಅಳೋರು ಬಂದ್ರೆ ಅವರಿಗೆ ಕರ್ಚೀಫಿಗೆ ಅಂದ್ರು. ಬಲಗೈ ಸ್ವಲ್ಪ ಬಿಗಿ ಆಯ್ತು ಅಂತಿದ್ರು. ಬಿಡಿಸಿಕೊಡ್ತೀನಿ, ಬಿಡಿಸಿಕೊಡ್ತೀನಿ ಅಂತ ದಿನ ತಳ್ಳಿದೆ."

ಮಗಳು ನಿಂತಲ್ಲೇ ನಿಂತಿದ್ದಳು. "ನೀವು ಅಮ್ಮನ್ನ ನೋಡೋಕೆ ಬರ್ತಿದ್ರಾ?" ಈ ಬಾರಿ ಜೋರಾಗಿಯೇ ಕೇಳಿದಳು.

"ಬರದೆ? ಈ ಕಡೆ ಬಟ್ಟೆ ತಗೊಳ್ಳೋಕೆ ಬಂದಾಗಲೆಲ್ಲ ಮಧ್ಯಾಹ್ನ ಇಲ್ಲೇ ಊಟ, ನೀನಿರ್ತಿರಲಿಲ್ಲ. ನಿಮ್ಮಮ್ಮ ಇಲ್ಲದಿದ್ರೆ ನಮ್ಮ ಮದುವೆ ಎಲ್ಲಿ ಆಗ್ತಿತ್ತು? ಕಾಗದ ಹುಡುಕಿ ಕೊಟ್ಟೋರು ಅವರೇ ಅಲ್ವಾ. ನಿನಗೆ ಹೇಳಿಲ್ವಾ?"

ಅಮ್ಮ ಹೇಳಲು ನೋಡಿದ್ದಳು. ಆ ಮದುವೆಯ ವರ್ಷ ಒಮ್ಮೆ ಊಟಕ್ಕೆ ಕೂತಿದ್ದಾಗ, "ನಿಮ್ಮಪ್ಪ ಅಂಗಡಿಗೆ ಬಂದಿದ್ರು," ಎಂದು ಅಮ್ಮ ಶುರು ಮಾಡಿದ್ದಳು. ಮಗಳು ಊಟದ ನಡುವೆಯೇ ಎದ್ದಿದ್ದಳು. ಅಪ್ಪ ಬೇರೆ ಮದುವೆಯಾಗುತ್ತಿರುವ ಸುದ್ದಿ ಅಷ್ಟರಲ್ಲಿ ಬೇರೆ ಕಡೆಯಿಂದ ಅವಳ ಕಿವಿಗೆ ಬಿದ್ದಾಗಿತ್ತು. "ಆ ಮನುಷ್ಯನ ಮಾತು ಈ ಮನೇಲಿ ಬೇಡಮ್ಮ," ಅಂದಿದ್ದಳು. ಅಮ್ಮ ಅವಳ ಕೈಗೆ ನೀರಿನ ಲೋಟ ಕೊಟ್ಟಿದ್ದಳು.

•

ಆ ವರ್ಷ ಗಂಡನಾಗಿದ್ದವನು ಬಂದ ದಿನ ಅಂಗಡಿಯಲ್ಲಿ ನೂಕುನುಗ್ಗಲು. ತನ್ನ ಸರದಿ ಬಂದಾಗಲೆಲ್ಲ ಹಿಂದಿನವರನ್ನು ಮುಂದೆ ಬಿಟ್ಟು, ಎಲ್ಲರೂ ಹೋದ ಮೇಲೆ ಕೌಂಟರಿಗೆ ಬಂದ.

"ಎಷ್ಟು ಕಾಪಿ?" ಅವಳು ತಲೆಯೆತ್ತದೆ ಕೇಳಿದಳು. ಆಮೇಲೆ ಕೌಂಟರಿನ ಮೇಲಿದ್ದ ಕೈಯ ಉಗುರುಗಳನ್ನು ಕಂಡಳು.

"ಕಾಪಿಗಲ್ಲ."

"ಮತ್ತೆ?"

"ನಮ್ಮ ಕಾಗದ ಬೇಕಿತ್ತು."

"ಯಾವ ಕಾಗದ?"

"ಮುಗಿದದ್ದರ ಕಾಗದ." ಅವನು ಯಂತ್ರವನ್ನು ನೋಡುತ್ತ ಹೇಳಿದ. "ಒಬ್ಬರು ಇದಾರೆ. ಸ್ಕೂಲ್ ಮಕ್ಕಳ ಬಟ್ಟೆ ಹೊಲೀತಾರೆ. ಮೊದಲು ಯಾರೋ ಒಬ್ಬ, ಹೆಂಡತಿ ಇಲ್ಲ ಅಂತ ಸುಳ್ಳು ಹೇಳಿ, ಅವರನ್ನ ಕಟ್ಟಿಕೊಂಡಿದ್ದ. ಅದಕ್ಕೇ, ಕಾಗದ ಕಣ್ಣಲ್ಲಿ ನೋಡದೆ ಒಪ್ಪಲ್ಲ ಅಂತಾರೆ. ನಾನು ಈಗಿರೋ ಊರಿನ ಕೋರ್ಟಲ್ಲಿ ಕೇಳಿದೆ. ಇಲ್ಲ ಅಂದ್ರು. ಬ್ರೋಕರ್ ಒಬ್ಬ ತಂದುಕೊಡ್ತೀನಿ ಅಂದ, ಅವನೂ ಪತ್ತೆಯಿಲ್ಲ."

ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಅವಳು ಮದುವೆಯಾದ ಹೊಸತರಲ್ಲಿ ಕೇಳಿದ್ದಳೇ ಹೊರತು ಆಮೇಲೆ ಕೇಳಿರಲಿಲ್ಲ. ತನಗಾಗಿ ಕೂಡಿಬರದ ಮಾತು ಇನ್ನೊಬ್ಬಳಿಗಾಗಿ ಕೂಡಿಬಂದಿತ್ತು. ಯಂತ್ರದ ಮುಚ್ಚಳ ತೆರೆದೇ ಇತ್ತು. ಅದರ ಬೆಳಕು ಒಮ್ಮೆ ಆ ಕಡೆಯಿಂದ ಈ ಕಡೆಗೆ ಹರಿದು ಹೋಯಿತು.

"ನೋಡದೆ ಒಪ್ಪಲ್ಲ ಅಂದದ್ದು ಬುದ್ಧಿವಂತಿಕೆ," ಎಂದಳು. "ಮುಂದಿನ ವಾರ ಬನ್ನಿ."

ಆ ಸಂಜೆ ತಲೆನೋವೆಂದು ಟೈಪಿಸ್ಟರಿಗೆ ಹೇಳಿ ಬೇಗ ಶಟರ್ ಎಳೆದಳು. ಮರುದಿನ ಬೆಳಿಗ್ಗೆ ಆಗಿನ ಕೋಟು ಕೊಡವಿ ಹಾಕಿಕೊಂಡು ಹಳೆಯ ಕಟ್ಟಡಕ್ಕೆ ಹೋದಳು. ಕೌಟುಂಬಿಕ ನ್ಯಾಯಾಲಯ ಹೊಸ ಕಟ್ಟಡಕ್ಕೆ ಬಂದಾಗ ಹಳೆಯ ಫೈಲುಗಳು ಅಲ್ಲಿನ ನೆಲಮಾಳಿಗೆಯಲ್ಲೇ ಉಳಿದಿದ್ದವು. ವರ್ಷ ಅವಳಿಗೆ ಗೊತ್ತಿತ್ತು: ಮಗಳ ಹಲ್ಲು ಬಿದ್ದ ವರ್ಷ. ಆಮೇಲೆ ದಿನವೂ ಊಟದ ಬಿಡುವಿನಲ್ಲಿ ಹೋಗಿ, ಧೂಳಿಗೆ ಸೀನುತ್ತ, ರಿಜಿಸ್ಟರಿನ ಪುಟ ತಿರುವಿದಳು. ಒಂದು ಮಧ್ಯಾಹ್ನ ಒಂದೇ ಸಾಲಿನಲ್ಲಿ ತನ್ನ ಹೆಸರೂ ಅವನ ಹೆಸರೂ ಅಕ್ಕಪಕ್ಕ ಸಿಕ್ಕವು. ನಡುವೆ ಒಂದು ಚಿಕ್ಕ 'ಮತ್ತು'.

ನಕಲು ವಿಭಾಗದ ಕಿಟಕಿಯಲ್ಲಿ ಗುಮಾಸ್ತ ಅರ್ಜಿಯ ಮೇಲೆ ಕಣ್ಣಾಡಿಸಿದ. "ಯಾರದಕ್ಕಾ ಇದು? ಪಾರ್ಟಿ ತಾವೇ ಬರ್ಬೇಕು. ನೀವು ಕೇಸಿಗೆ ಏನಾಗ್ಬೇಕು ಅಂತ ಬರೀಲಿ?"

"ಒಂದನೇ ಅರ್ಜಿದಾರಳು ಅಂತ ಬರಿ."

ಅವನು ಪೆನ್ನು ಕೆಳಗಿಟ್ಟ. "ನೀವಾ?"

"ಯಾಕೆ, ನಾನು ಹುಟ್ಟುತ್ತಲೇ ಜೆರಾಕ್ಸಕ್ಕ ಅಂದ್ಕೊಂಡಿದ್ಯಾ? ಬರಿ, ಬರಿ. ಹಿಂದೆ ಜನ ನಿಂತಿದಾರೆ."

ನಕಲು ಕೈಗೆ ಬಂದ ದಿನ ಮಗಳ ಅಪ್ಪನ ಜೊತೆ ಆ ಹೊಲಿಗೆಯವಳೂ ಬಂದಳು. ತನಗೆ ಕೋರ್ಟಿನ ಭಾಷೆ ತಿಳಿಯುವುದಿಲ್ಲ, ಓದಿ ಹೇಳಿ ಎಂದಳು. ಜೆರಾಕ್ಸಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಕೇಳಿಸಲಿಲ್ಲ. ಸರಿಯಾದ ಕಿವಿಯ ಕಡೆಗೆ ಬಂದು ಓದಿದಳು. ಇನ್ನೂ ಜೋರಾಗಿ ಎಂದಳು ಹೊಲಿಗೆಯವಳು. ಕೊನೆಗೆ, "ಉಭಯ ಅರ್ಜಿದಾರರೂ ಯಾರ ಒತ್ತಾಯಕ್ಕೂ ಒಳಗಾಗದೆ!" ಎಂದು ತನ್ನ ವಿಚ್ಛೇದನವನ್ನು ತಾನೇ ಬೀದಿಗೆಲ್ಲ ಕೇಳುವಂತೆ ಕೂಗಬೇಕಾಯಿತು. ಹಣ್ಣಿನಂಗಡಿಯವನು ತಕ್ಕಡಿ ಹಿಡಿದುಕೊಂಡೇ ಹೊರಗೆ ಬಂದು ನಿಂತ.

ಹೊಲಿಗೆಯವಳು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದಳು. ಆಮೇಲೆ, ಅವನ ಎದುರೇ, "ಇವರು ಕೆಟ್ಟವರಾ?" ಎಂದಳು.

"ಕೆಟ್ಟವರಲ್ಲ. ಮಾತಾಡಲ್ಲ, ಅಷ್ಟೆ."

"ನನಗೂ ಕೇಳಿಸಲ್ಲ, ಅಷ್ಟೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ತಡೆಯಲಾರದೆ ನಗತೊಡಗಿದರು. ಕೌಂಟರು ಹಿಡಿದುಕೊಂಡು ನಕ್ಕರು. ಅವನು ಏನೂ ತೋಚದೆ ನಡುವೆ ನಿಂತಿದ್ದ.

"ಹಾಗಾದ್ರೆ ತಗೋ ತಂಗಿ," ಎಂದು ಜೆರಾಕ್ಸಕ್ಕ ಕಾಗದವನ್ನು ಅವಳ ಕೈಗೆ ಕೊಟ್ಟಳು.

ಅವರು ಹೋದ ಮೇಲೆ ಟೈಪಿಸ್ಟ್ ಮಾಮ, "ನಿನಗೂ ಒಂದು ಇಟ್ಕೋಬೇಕಿತ್ತು," ಅಂದರು.

"ನನಗ್ಯಾಕೆ? ಬಾಯಿಪಾಠ ಆಗಿದೆ." ಅವಳು ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

•

ಚಿತಾಗಾರದವನು, ಲೋಹದ ವಸ್ತು ಏನಿದ್ದರೂ ತೆಗೆಯಿರಿ ಎಂದ. ಮಗಳು ಕೋಟಿನ ಜೇಬಿಗೆ ಕೈಹಾಕಲಾರದೆ ನಿಂತಳು. ಹೊಲಿಗೆಯವಳೇ ಬಾಗಿ, ಒಂದೊಂದೇ ಜೇಬಿನಿಂದ ಗುಂಡುಪಿನ್ನು, ಕ್ಲಿಪ್ಪು, ಚಿಲ್ಲರೆ ತೆಗೆದು ಮಗಳ ಬೊಗಸೆಗೆ ಹಾಕಿದಳು. ಕರ್ಚೀಫನ್ನು ಅಲ್ಲೇ ಬಿಟ್ಟಳು. ಬಾಗಿಲು ಮುಚ್ಚಿಕೊಂಡಿತು.

ಹೊರಗಿನ ಕಟ್ಟೆಯ ಮೇಲೆ ಅಪ್ಪ ಒಬ್ಬನೇ ಕೂತಿದ್ದ. ಮಗಳು ಹೋಗಿ ಸ್ವಲ್ಪ ದೂರದಲ್ಲಿ ಕೂತಳು.

"ನೀವಾದ್ರೂ ನನಗೆ ಹೇಳಬಹುದಿತ್ತು."

ಅವನು ಉಗುರಿನ ಸಂದಿಯ ಗ್ರೀಸನ್ನು ಕೆರೆದ. "ಫೋನ್ ಮಾಡ್ತಿದ್ದೆ. ನೀನು ಎತ್ತುತ್ತಿರಲಿಲ್ಲ."

"ಎತ್ತಿದ್ರೆ ಏನು ಹೇಳ್ತಿದ್ರಿ?"

"ಗೊತ್ತಿಲ್ಲ. ಏನೂ ಹೇಳ್ತಿರಲಿಲ್ಲವೇನೋ. ನೀನು ಹಲೋ ಅನ್ನೋದು ಕೇಳಿಸ್ಕೋತಿದ್ದೆ."

ಮಗಳು ಬೇರೆ ಕಡೆ ಮುಖ ತಿರುಗಿಸಿದಳು. ಆಮೇಲೆ, ಕೂತಲ್ಲಿಂದ ಎದ್ದು, ಅವನ ಪಕ್ಕಕ್ಕೇ ಬಂದು ಕೂತಳು.

ಸಾಯಂಕಾಲ ಎಲ್ಲರೂ ಚದುರಿದ ಮೇಲೆ ಮೂವರೂ ಸಿಟಿ ಬಸ್ಸು ಹತ್ತಿದರು. ಅವರಿಬ್ಬರೂ ದೊಡ್ಡ ಬಸ್‌ಸ್ಟ್ಯಾಂಡಿಗೆ ಹೋಗಿ ತಮ್ಮ ಊರಿನ ಬಸ್ಸು ಹಿಡಿಯಬೇಕಿತ್ತು. ಮಗಳು ನಡುವೆ ಇಳಿಯಬೇಕಿತ್ತು. ಅಪ್ಪನಿಗೆ ಹಿಂದಿನ ಸೀಟು ಸಿಕ್ಕಿತು. ಹೊಲಿಗೆಯವಳು ಕಿಟಕಿಯ ಪಕ್ಕ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, "ನಿನ್ನೆ ಸುದ್ದಿ ಬಂದಾಗಿನಿಂದ ಕಣ್ಣು ಮುಚ್ಚಿಲ್ಲಮ್ಮ," ಎಂದಳು. ಬಸ್ಸು ಮೊದಲ ತಿರುವು ದಾಟುವಷ್ಟರಲ್ಲಿ ಅವಳ ತಲೆ ವಾಲಿ ಮಗಳ ಹೆಗಲಿಗೆ ಬಂತು. ಬಾಯಿ ಸ್ವಲ್ಪ ತೆರೆದಿತ್ತು. ಕೂದಲಲ್ಲಿ ಎಲ್ಲಿಂದಲೋ ಬಂದ ಒಂದು ಬಿಳಿಯ ದಾರದ ತುಂಡು ಸಿಕ್ಕಿಕೊಂಡಿತ್ತು.

ಮಗಳು ಅದನ್ನು ಮೆಲ್ಲಗೆ ಬಿಡಿಸಿದಳು.

ಅವಳ ಸ್ಟಾಪು ಬಂತು. ಬಾಗಿಲು ತೆರೆಯಿತು, ಯಾರೋ ಇಳಿದರು, ಯಾರೋ ಹತ್ತಿದರು. ಕಂಡಕ್ಟರ್ ಅವಳ ಕಡೆ ನೋಡಿ, "ಇದೇ ಸ್ಟಾಪ್ ಅಲ್ವಾಮ್ಮ ನಿಮ್ದು?" ಎಂದ. ಅವಳು ಬೆರಳನ್ನು ತುಟಿಯ ಮೇಲಿಟ್ಟು, ಮುಂದೆ ಹೋಗಲಿ ಎಂದು ಕೈಸನ್ನೆ ಮಾಡಿದಳು. ಬಸ್ಸು ಹೊರಟಿತು. ಹಳ್ಳದಲ್ಲಿ ಕುಲುಕಿದಾಗ ನಿದ್ದೆಯವಳ ತಲೆ ಜಾರದಿರಲೆಂದು ಅವಳು ತನ್ನ ಹೆಗಲನ್ನು ಸ್ವಲ್ಪ ಎತ್ತಿ ಹಿಡಿದಳು.